ಸಿಲ್ವರ್‌ಟನ್: ಅದಿರಿನ ಊರಿಗೆ ರೈಲು ಬಂದ ಮೇಲೆ

ಅಮೆರಿಕದ ಕೊಲೊರಾಡೊ ರಾಜ್ಯದ ಸಿಲ್ವರ್‌ಟನ್ ಬಗ್ಗೆ ಕೇಳಿದರೆ ‘ಬೆಳ್ಳಿ ಸಿಕ್ಕಿತು, ರೈಲು ಬಂತು, ಊರು ಬೆಳೆಯಿತು’ ಎಂದು ಒಂದೇ ಉಸಿರಿನಲ್ಲಿ ಬರೆದುಬಿಡುವುದುಂಟು. ನಡುವಿನ ವರ್ಷಗಳನ್ನು ಹಾರಿಸಬೇಡಿ, ವಿಷಯವೆಲ್ಲ ಅಲ್ಲೇ ಇದೆ.

1860ರಲ್ಲಿ ಚಾರ್ಲ್ಸ್ ಬೇಕರ್‌ನ ತಂಡ ಚಿನ್ನ ಹುಡುಕಿಕೊಂಡು ಸ್ಯಾನ್ ವಾನ್ ಪರ್ವತಗಳ ನಡುವಿನ ಈ ಬಯಲಿಗೆ ಬಂತು. ಆ ಪ್ರಯತ್ನ ಹೆಚ್ಚು ಕಾಲ ಉಳಿಯಲಿಲ್ಲ. ನೆಲ ಯೂಟ್ ಎಂಬ ಮೂಲನಿವಾಸಿ ಜನರದು. ಅಮೆರಿಕ ಸರ್ಕಾರದ ಜೊತೆಗಿನ 1873ರ ಬ್ರುನೊ ಒಪ್ಪಂದದಲ್ಲಿ ಅವರು ಸುಮಾರು 37 ಲಕ್ಷ ಎಕರೆ ಬಿಟ್ಟುಕೊಡಬೇಕಾಯಿತು, ಅಲ್ಲಿ ಬೇಟೆಯಾಡುವ ಹಕ್ಕಷ್ಟೇ ಉಳಿಯಿತು. ಮರುವರ್ಷವೇ ಊರಿನ ನಕ್ಷೆ ಸಿದ್ಧವಾಯಿತು. ಈ ಎರಡು ಇಸವಿಗಳನ್ನು ಜೊತೆಗೇ ಬರೆಯಿರಿ. ಭೂಮಿ ಹೇಗೆ ಕೈಬದಲಾಯಿತು ಎಂದು ಹೇಳದೆ ಊರಿನ ಹುಟ್ಟು ಹೇಳುವುದು ನ್ಯಾಯವಲ್ಲ.

ಊರಿರುವುದು 9,300 ಅಡಿ ಎತ್ತರದಲ್ಲಿ. ಅದಿರು ಇಳಿಸಲು, ಹಿಟ್ಟು-ಬೇಳೆ ಏರಿಸಲು ಹೇಸರಗತ್ತೆ, ಗಾಡಿಗಳೇ ಗತಿ. ಸಾಗಣೆ ಖರ್ಚು ಎಷ್ಟಿತ್ತೆಂದರೆ ತೀರಾ ಸಮೃದ್ಧ ಅದಿರನ್ನು ಮಾತ್ರ ಆರಿಸಿ ಕಳಿಸುತ್ತಿದ್ದರು. ಉಳಿದದ್ದು ಗಣಿಯ ಬಾಯಲ್ಲೇ ರಾಶಿ ಬೀಳುತ್ತಿತ್ತು. ಬೆಳ್ಳಿ ಇದ್ದೂ ಲಾಭವಿಲ್ಲದ ಕಲ್ಲು ಅದು.

ಇದನ್ನು ಬದಲಿಸಿದ್ದು ಡೆನ್ವರ್ ಆಂಡ್ ರಿಯೊ ಗ್ರಾಂಡ್ ರೈಲು ಕಂಪನಿ. ಆನಿಮಸ್ ಸಿಟಿ ಎಂಬ ಊರು ಕಂಪನಿಯ ಷರತ್ತಿಗೆ ಒಪ್ಪದಿದ್ದಾಗ, 1880ರಲ್ಲಿ ಅದು ಪಕ್ಕದಲ್ಲೇ ಡುರಾಂಗೊ ಎಂಬ ಹೊಸ ಊರನ್ನೇ ಕಟ್ಟಿತು. ಅಲ್ಲಿಂದ ಆನಿಮಸ್ ಕಣಿವೆ ಹಿಡಿದು 45 ಮೈಲಿ ಹಳಿ ಹಾಕಿ, 1882ರ ಜುಲೈನಲ್ಲಿ ಸಿಲ್ವರ್‌ಟನ್ ಮುಟ್ಟಿತು. ಹಳಿಗಳ ನಡುವಿನ ಅಂತರ ಮೂರೇ ಅಡಿ. ಅಗಲ ಕಡಿಮೆಯಾದಷ್ಟೂ ತಿರುವು ಬಿಗಿಯಾಗಿ ತೆಗೆಯಬಹುದು, ಬಂಡೆ ಕಡಿಯುವ ಕೆಲಸವೂ ಕಡಿಮೆ. ಒಂದು ಕಡೆಯಂತೂ ನದಿಯ ಮೇಲಿನ ಕಡಿದಾದ ಬಂಡೆಯಲ್ಲಿ ರೈಲು ಹಿಡಿಸುವಷ್ಟೇ ಅಂಚು ಕೊರೆದಿದ್ದಾರೆ.

ಸಾಗಣೆ ಖರ್ಚು ಇಳಿಯಿತು. ಕೆಳದರ್ಜೆಯ ಅದಿರಿಗೂ ಬೆಲೆ ಬಂತು. ಆದರೆ ಅದಿರು ಕರಗಿಸುವ ದೊಡ್ಡ ಕುಲುಮೆ ಕಲ್ಲಿದ್ದಲು ಹತ್ತಿರವಿದ್ದ ಡುರಾಂಗೊದಲ್ಲಿ ನಿಂತಿತು. ಗಣಿಯ ಊರು ಬೇರೆ, ಕುಲುಮೆಯ ಊರು ಬೇರೆ ಆದದ್ದು ಹೀಗೆ. ಚಳಿಗಾಲದಲ್ಲಿ ಹಿಮಕುಸಿತ ಹಳಿ ಮುಚ್ಚಿದರೆ ಸಿಲ್ವರ್‌ಟನ್‌ಗೆ ದಿನಸಿಯೂ ಬರುತ್ತಿರಲಿಲ್ಲ.

ಮುಂದೆ ಆಟೊ ಮಿಯರ್ಸ್ 1887ರಿಂದ ಸಿಲ್ವರ್‌ಟನ್ ರೈಲ್‌ರೋಡ್ ಕಟ್ಟಿ, 11,000 ಅಡಿ ಎತ್ತರದ ರೆಡ್ ಮೌಂಟನ್ ಕಣಿವೆದಾರಿ ದಾಟಿಸಿದ. ನನಗೆ ಬಹಳ ಇಷ್ಟವಾದ ವಿವರ ಇಲ್ಲಿದೆ: ಕಾರ್ಕ್‌ಸ್ಕ್ರೂ ಗಲ್ಚ್ ಎಂಬ ಕಿರುಕಣಿವೆಯಲ್ಲಿ ಹಳಿ ಬಳಸಿ ತಿರುಗಿಸಲು ಜಾಗವೇ ಇರಲಿಲ್ಲ. ಹಾಗಾಗಿ ಮುಖ್ಯ ಮಾರ್ಗದ ಮಧ್ಯದಲ್ಲೇ ತಿರುಗುವ ವೇದಿಕೆಯೊಂದನ್ನು ಕೂರಿಸಿದರು. ಎಂಜಿನ್ ಅದರ ಮೇಲೆ ನಿಂತು ತಿರುಗಿ ಇನ್ನೊಂದು ದಿಕ್ಕಿನ ಹಳಿ ಹಿಡಿಯುತ್ತಿತ್ತು. ಹಿಮದಿಂದ ಕಾಪಾಡಲು ವೇದಿಕೆಗೆ ಸೂರನ್ನೂ ಕಟ್ಟಿದ್ದರು.