ಹೀಥ್ರೂ ಮೂರನೇ ರನ್‌ವೇ: ಅಡ್ಡ ಹಾಕಿದವರು ಗೆದ್ರಾ, ಸೋತ್ರಾ?

1999ರಲ್ಲಿ ಲಂಡನ್‌ನ ಹೀಥ್ರೂ ಏರ್‌ಪೋರ್ಟ್ ಸುತ್ತಮುತ್ತ ಇರೋ ಮನೆಗಳಿಗೆ ಒಂದು ಲೆಟರ್ ಬಂತು. ಬರೆದಿದ್ದು ಏರ್‌ಪೋರ್ಟ್ ನಡೆಸ್ತಿದ್ದ ಬಿಎಎ ಕಂಪನಿ ಮುಖ್ಯಸ್ಥ ಜಾನ್ ಈಗನ್. ಐದನೇ ಟರ್ಮಿನಲ್ ಕಟ್ಟಿದ ಮಾತ್ರಕ್ಕೆ ಮೂರನೇ ರನ್‌ವೇ ಬೇಕಾಗಲ್ಲ, ಹೆದರಬೇಡಿ ಅನ್ನೋದು ಅದರ ಸಾರಾಂಶ. 2001ರಲ್ಲಿ ಟರ್ಮಿನಲ್‌ಗೆ ಒಪ್ಪಿಗೆ ಸಿಕ್ತು. 2003ರ ಡಿಸೆಂಬರ್‌ನಲ್ಲಿ ಸರ್ಕಾರ ತನ್ನ ವಿಮಾನಯಾನ ನೀತಿ ಹೊರಗೆ ತಂತು, ಅದರಲ್ಲಿ ಮೂರನೇ ರನ್‌ವೇ ಇತ್ತು! ಆಮೇಲೆ ಇಪ್ಪತ್ತು ವರ್ಷ ನಡೆದ ಜಗಳ ಅರ್ಥ ಆಗ್ಬೇಕಂದ್ರೆ ಈ ಲೆಟರ್‌ನಿಂದಾನೇ ಶುರು ಮಾಡ್ಬೇಕು, ಯಾಕಂದ್ರೆ ಅರ್ಜಿ ಕೊಟ್ಟು, ವಿಚಾರಣೆಗೆ ಹೋಗಿ ಮಾತಾಡಿ, ನಿಯಮದ ಪ್ರಕಾರಾನೇ ನಡ್ಕೊಂಡಿದ್ದ ಜನಕ್ಕೆ ಆ ದಾರಿ ಮೇಲಿನ ನಂಬಿಕೆ ಹೋಗಿದ್ದು ಅಲ್ಲೇ.

ಅಲ್ಲೀವರೆಗೂ ಇದು ಸದ್ದಿನ ಗಲಾಟೆ. ರನ್‌ವೇ ಬಂದ್ರೆ ಸಿಪ್ಸನ್ ಅನ್ನೋ ಹಳ್ಳಿ ನೆಲಸಮ, ಸುಮಾರು 700 ಮನೆ ಹೋಗುತ್ತೆ, ಉಳಿದವರಿಗೆ ಬೆಳಗಿನ ಜಾವದಿಂದ ತಲೆ ಮೇಲೆ ವಿಮಾನ. ಕ್ಲೈಮೇಟ್ ಅನ್ನೋ ಮಾತು ದೊಡ್ಡದಾಗಿ ಬಂದಿದ್ದು ಆಮೇಲೆ. ಅದಕ್ಕೂ ಕಾರಣ ಇದೆ. ವಿಮಾನಯಾನದ ಬಗ್ಗೆ ದೇಶಗಳು ಮಾಡ್ಕೊಂಡ 1944ರ ಷಿಕಾಗೋ ಒಪ್ಪಂದದ ಕಾಲದಿಂದ ಬೆಳೆದು ಬಂದಿರೋ ಪದ್ಧತಿ ಪ್ರಕಾರ ಅಂತಾರಾಷ್ಟ್ರೀಯ ವಿಮಾನದ ಇಂಧನಕ್ಕೆ ಹೆಚ್ಚುಕಮ್ಮಿ ಎಲ್ಲೂ ಟ್ಯಾಕ್ಸ್ ಇಲ್ಲ, ಹವಾಮಾನದ ಬಗ್ಗೆ ಆದ 1997ರ ಕ್ಯೋಟೋ ಒಪ್ಪಂದದಲ್ಲಿ ಅಂತಾರಾಷ್ಟ್ರೀಯ ವಿಮಾನಗಳ ಹೊಗೆಯನ್ನ ಯಾವ ದೇಶದ ಲೆಕ್ಕಕ್ಕೂ ಸೇರಿಸದೆ ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆ ತಲೆಗೆ ಕಟ್ಟಿಬಿಟ್ರು, ಅಲ್ಲಿ ಹತ್ತಿಪ್ಪತ್ತು ವರ್ಷ ಏನೂ ಗಟ್ಟಿಯಾಗಿ ಆಗ್ಲಿಲ್ಲ. ಜಗತ್ತಿನ ಕಾರ್ಬನ್ ಡೈಆಕ್ಸೈಡ್‌ನಲ್ಲಿ ವಿಮಾನಗಳ ಪಾಲು ಶೇ. 2.5ರ ಆಸುಪಾಸು. ಇಷ್ಟೇನಾ ಅನ್ಸುತ್ತೆ, ಆದ್ರೆ ಪ್ರಪಂಚದ ಬಹುಪಾಲು ಜನ ಒಂದು ವರ್ಷದಲ್ಲಿ ವಿಮಾನಾನೇ ಹತ್ತಲ್ಲ ಅನ್ನೋದನ್ನ ಪಕ್ಕದಲ್ಲಿಟ್ಟು ನೋಡಿದ್ರೆ ಈ ಪಾಲು ಯಾರದ್ದು ಅಂತ ಗೊತ್ತಾಗುತ್ತೆ. ಕಾರಿಗೆ ಬ್ಯಾಟರಿ ಬಂತು, ಕರೆಂಟಿಗೆ ಗಾಳಿ-ಬಿಸಿಲು ಬಂತು, ದೂರದ ವಿಮಾನಕ್ಕೆ ಅಂಥ ಬದಲಿ ಇನ್ನೂ ಇಲ್ಲ. ಹಾಗಾಗಿ ಹೊಸ ರನ್‌ವೇ ಅಂದ್ರೆ ಇನ್ನೈವತ್ತು ವರ್ಷದ ಹೊಗೆಗೆ ಈಗ್ಲೇ ಸಹಿ ಹಾಕಿದ ಹಾಗೆ ಅನ್ನೋದು ರನ್‌ವೇ ವಿರೋಧಿಗಳ ವಾದ.

2005ರಲ್ಲಿ ಪ್ಲೇನ್ ಸ್ಟುಪಿಡ್ ಅನ್ನೋ ಗುಂಪು ಹುಟ್ಕೊಂಡಿದ್ದು ಈ ಹಿನ್ನೆಲೆಯಲ್ಲಿ. ಬಹುತೇಕ ಚಿಕ್ಕ ವಯಸ್ಸಿನವರು. ಇವರ ಜೊತೆ, ವರ್ಷಗಟ್ಟಲೆ ಸದ್ದಿನ ವಿರುದ್ಧ ಹೋರಾಡ್ತಿದ್ದ ಹಕಾನ್ ಅನ್ನೋ ಸ್ಥಳೀಯ ಸಂಘಟನೆ ಕೈಜೋಡಿಸ್ತು. ಇಡೀ ಕಥೆಯ ಜೀವ ಇರೋದು ಇಲ್ಲೇ ಅಂತ ನನ್ನ ಅಭಿಪ್ರಾಯ, ಬರೀ ಹುಡುಗ್ರು ಅಷ್ಟೇ ಇದ್ದಿದ್ರೆ ಸರ್ಕಾರ ಅವರನ್ನ ತರಲೆಗಳು ಅಂತ ಪಕ್ಕಕ್ಕೆ ತಳ್ತಿತ್ತು, ಬರೀ ಹಳ್ಳಿಯವರು ಇದ್ದಿದ್ರೆ ಪರಿಹಾರದ ದುಡ್ಡು ಎಷ್ಟು ಅಂತ ಕೇಳ್ತಿತ್ತು.

2007ರ ಆಗಸ್ಟ್‌ನಲ್ಲಿ ಏರ್‌ಪೋರ್ಟ್ ಪಕ್ಕದ ಹೊಲದಲ್ಲಿ ಕ್ಲೈಮೇಟ್ ಕ್ಯಾಂಪ್ ಅಂತ ಟೆಂಟ್ ಹಾಕಿದ್ರು. ಅದನ್ನ ತಡೆಯೋಕೆ ಬಿಎಎ ಕೋರ್ಟಿಗೆ ಹೋಯ್ತು. ಕೇಳಿದ ತಡೆಯಾಜ್ಞೆ ಎಷ್ಟು ಅಗಲ ಇತ್ತಂದ್ರೆ, ಪಕ್ಷಿ ಪ್ರೇಮಿಗಳ ಸಂಘ, ಹಳೇ ಬಂಗಲೆ-ತೋಟ ಕಾಪಾಡೋ ನ್ಯಾಷನಲ್ ಟ್ರಸ್ಟ್, ಇಂಥವುಗಳ ಲಕ್ಷಾಂತರ ಮೆಂಬರ್‌ಗಳೂ ಅದರೊಳಗೆ ಬರೋ ಥರ ಇತ್ತು. ಕೋರ್ಟ್ ಅಷ್ಟು ಕೊಡಲಿಲ್ಲ, ಆದ್ರೆ ಕ್ಯಾಂಪಿಗೆ ಪುಕ್ಕಟೆ ಪ್ರಚಾರ ಸಿಕ್ತು.

2008ರ ಫೆಬ್ರವರಿ ಕೊನೇ ವಾರ ನೋಡಿ. ಮೊದಲು ಗ್ರೀನ್‌ಪೀಸ್‌ನ ನಾಲ್ಕು ಜನ ಹೀಥ್ರೂದಲ್ಲಿ ನಿಂತಿದ್ದ ವಿಮಾನದ ಮೇಲೆ ಹತ್ತಿ ಬಾಲಕ್ಕೆ ಬ್ಯಾನರ್ ಕಟ್ಟಿದ್ರು. ಎರಡೇ ದಿನಕ್ಕೆ ಪ್ಲೇನ್ ಸ್ಟುಪಿಡ್‌ನ ಐದು ಜನ ಪಾರ್ಲಿಮೆಂಟ್ ಛಾವಣಿ ಮೇಲೆ! ಬ್ಯಾನರ್‌ನಲ್ಲಿ ಬಿಎಎ ಹೆಡ್ ಆಫೀಸ್ ಅಂತ ಬರೆದಿತ್ತು, ಅಂದ್ರೆ ದೇಶದ ವಿಮಾನ ನೀತಿ ಬರೆಯೋದು ಕಂಪನಿನೇ ಅಂತ. ಸರ್ಕಾರಿ ಕಡತದ ಹಾಳೆಗಳನ್ನ ವಿಮಾನದ ಥರ ಮಡಚಿ ಮೇಲಿಂದ ಹಾರಿಸಿದ್ರು. ಅದೇ ಡಿಸೆಂಬರ್‌ನಲ್ಲಿ ಸ್ಟಾನ್‌ಸ್ಟೆಡ್ ಏರ್‌ಪೋರ್ಟಲ್ಲಿ ರಾತ್ರಿ ರಿಪೇರಿಗೆ ರನ್‌ವೇ ಮುಚ್ಚಿರೋ ಹೊತ್ತು ನೋಡ್ಕೊಂಡು ಒಳಗೆ ನುಗ್ಗಿ ಬೇಲಿ ನಿಲ್ಲಿಸಿ ಕೂತ್ರು, ವಿಮಾನ ಇಳಿಯೋ ಹೊತ್ತಲ್ಲಿ ನುಗ್ಗಿದ್ರೆ ಪ್ರಾಣಕ್ಕೆ ಅಪಾಯ ಅಂತಾನೇ ಈ ಲೆಕ್ಕಾಚಾರ. 50ಕ್ಕೂ ಹೆಚ್ಚು ಫ್ಲೈಟ್ ಕ್ಯಾನ್ಸಲ್, 50ಕ್ಕೂ ಹೆಚ್ಚು ಜನ ಅರೆಸ್ಟ್. ರಜೆಗೆ ಅಂತ ಹೊರಟು ಅಲ್ಲಿ ಸಿಕ್ಕಾಕೊಂಡವರು ಬಾಯಿಗೆ ಬಂದಂಗೆ ಬೈದಿದ್ದೂ ನಿಜಾನೇ, ಅದನ್ನ ಮುಚ್ಚಿಡೋದು ಬೇಡ.

ಇಷ್ಟೆಲ್ಲ ಆದ್ಮೇಲೂ 2009ರ ಜನವರಿಯಲ್ಲಿ ಸರ್ಕಾರ ರನ್‌ವೇಗೆ ಹಸಿರು ನಿಶಾನೆ ತೋರಿಸ್ತು. ತಮಾಷೆ ಅಂದ್ರೆ ಎರಡೇ ತಿಂಗಳ ಹಿಂದೆ ಇದೇ ಸರ್ಕಾರ 2050ರೊಳಗೆ ಹೊಗೆ ಶೇ. 80 ಇಳಿಸ್ತೀವಿ ಅಂತ ಕಾನೂನು ಮಾಡಿತ್ತು. ಆ ಭಾಗದ ಎಂಪಿ ಜಾನ್ ಮೆಕ್‌ಡಾನೆಲ್ ಸಿಟ್ಟಿಗೆದ್ದು ಸದನದ ರಾಜದಂಡ ಎತ್ತಿ ಬೇರೆ ಕಡೆ ಇಟ್ಟು ಐದು ದಿನ ಸಸ್ಪೆಂಡ್ ಆದ್ರು. ಗ್ರೀನ್‌ಪೀಸ್ ಸಿಪ್ಸನ್‌ನಲ್ಲಿ ಜಾಗ ತಗೊಂಡು ಸಾವಿರಾರು ಜನರ ಹೆಸರು ಪಾಲುದಾರರು ಅಂತ ಸೇರಿಸ್ತು, ಭೂಸ್ವಾಧೀನ ಎಳೆದಾಡ್ಲಿ ಅಂತ. 2010ರ ಮಾರ್ಚ್‌ನಲ್ಲಿ ಹೈಕೋರ್ಟು, ಹವಾಮಾನ ಕಾನೂನು ಬಂದ್ಮೇಲೆ ಹಳೇ ನೀತಿ ಹಿಡ್ಕೊಂಡು ಕೂರೋಕಾಗಲ್ಲ, ಮತ್ತೆ ನೋಡಿ ಅಂತು. ಮೇನಲ್ಲಿ ಸರ್ಕಾರ ಬದಲಾಯ್ತು, ಯೋಜನೆ ಹಳ್ಳ ಹಿಡೀತು.

ಹಾಗಾದ್ರೆ ಗೆಲುವು ಯಾರದ್ದು? ಛಾವಣಿ ಹತ್ತಿದವರದ್ದು ಅಂತ ಹೇಳೋಕೆ ನಂಗೆ ಮನಸ್ಸು ಬರಲ್ಲ, ಕೋರ್ಟ್ ಮತ್ತು ಎಲೆಕ್ಷನ್ ಇಲ್ದಿದ್ರೆ ಬುಲ್ಡೋಜರ್ ಬರ್ತಿತ್ತು. ಆದ್ರೆ ಎಲೆಕ್ಷನ್ ಬರೋವರೆಗೂ ವಿಷಯ ತಣ್ಣಗಾಗದ ಹಾಗೆ ನೋಡ್ಕೊಂಡಿದ್ದು ಇವರೇ, ಆಮೇಲೆ ಪ್ರಧಾನಿಯಾದ ಡೇವಿಡ್ ಕ್ಯಾಮರಾನ್ ವಿರೋಧ ಪಕ್ಷದಲ್ಲಿದ್ದಾಗ ಮೂರನೇ ರನ್‌ವೇ ಇಲ್ಲ ಅಂದ್ರೆ ಇಲ್ಲ ಅಂತ ಮಾತು ಕೊಡೋ ಪರಿಸ್ಥಿತಿ ಬಂದಿದ್ದು ಅದರಿಂದಾನೇ. ಫ್ರಾನ್ಸಿನ ನೋತ್ರ್ ದಾಮ್ ದೆ ಲಾಂದ್‌ನಲ್ಲೂ ಹೀಗೇ, 1960ರ ದಶಕದಲ್ಲಿ ಹುಟ್ಟಿದ ಏರ್‌ಪೋರ್ಟ್ ಯೋಜನೆ, ರೈತರ ಜೊತೆ ಹೊರಗಿನವರು ಬಂದು ಗುಡಿಸಲು ಹಾಕ್ಕೊಂಡು ವರ್ಷಗಟ್ಟಲೆ ಅಲ್ಲೇ ಇದ್ರು, 2016ರ ಸ್ಥಳೀಯ ಮತದಾನದಲ್ಲಿ ಏರ್‌ಪೋರ್ಟ್ ಬೇಕು ಅನ್ನೋರೇ ಗೆದ್ರೂ 2018ರಲ್ಲಿ ಸರ್ಕಾರಾನೇ ಕೈ ಬಿಡ್ತು. ಜಪಾನಿನ ನರಿತಾ ಏರ್‌ಪೋರ್ಟ್ ಉಲ್ಟಾ ಉದಾಹರಣೆ. ಅಲ್ಲಿ ಹೊಡೆದಾಟದಲ್ಲಿ ಪೊಲೀಸರೂ ಸತ್ರು, 1978ರಲ್ಲಿ ಕಂಟ್ರೋಲ್ ಟವರ್‌ಗೇ ನುಗ್ಗಿ ಉಪಕರಣ ಒಡೆದು ಹಾಕಿದ್ರು, ಉದ್ಘಾಟನೆ ಎರಡು ತಿಂಗಳು ತಡ ಆಯ್ತು ಅಷ್ಟೇ.

ಹೀಥ್ರೂಗೆ ವಾಪಸ್ ಬರೋಣ. 2015ರಲ್ಲಿ ಸರ್ಕಾರಿ ಆಯೋಗ ಮತ್ತೆ ಮೂರನೇ ರನ್‌ವೇನೇ ಸರಿ ಅಂತು. ಪ್ಲೇನ್ ಸ್ಟುಪಿಡ್‌ನ ಹದಿಮೂರು ಜನ ರನ್‌ವೇ ಮೇಲೆ ಹೋಗಿ ಕೂತ್ರು, ಒಬ್ರು ಹಿಮಕರಡಿ ವೇಷದಲ್ಲಿ. ಜೈಲು ಗ್ಯಾರಂಟಿ ಅಂದ್ಕೊಂಡಿದ್ರು, ಕೊನೆಗೆ ಅಮಾನತಿನಲ್ಲಿಟ್ಟ ಶಿಕ್ಷೆ ಆಯ್ತು. 2018ರಲ್ಲಿ ಪಾರ್ಲಿಮೆಂಟ್ 415-119 ಮತಗಳಿಂದ ಒಪ್ತು. ಬುಲ್ಡೋಜರ್ ಮುಂದೆ ಮಲಗ್ತೀನಿ ಅಂತ ಹೇಳಿದ್ದ, ಆಗಿನ ವಿದೇಶಾಂಗ ಸಚಿವ ಬೋರಿಸ್ ಜಾನ್ಸನ್ ಅವತ್ತು ಅಫ್ಘಾನಿಸ್ತಾನದಲ್ಲಿದ್ರು. 2020ರ ಫೆಬ್ರವರಿಯಲ್ಲಿ ಅಪೀಲ್ ಕೋರ್ಟ್ ಹವಾಮಾನದ ಪ್ಯಾರಿಸ್ ಒಪ್ಪಂದ ಲೆಕ್ಕಕ್ಕೆ ತಗೊಂಡಿಲ್ಲ ಅಂತ ಯೋಜನೆ ತಡೀತು, ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನೇ ಬದಿಗಿಟ್ಟಿತು. ಅಷ್ಟೊತ್ತಿಗೆ ಕೊರೋನಾ ಬಂದು ಏರ್‌ಪೋರ್ಟೇ ಖಾಲಿ.

ಈಗ ಮೂರನೇ ಸುತ್ತು. 2025ರ ಜನವರಿಯಲ್ಲಿ ಹಣಕಾಸು ಸಚಿವೆ ರೇಚಲ್ ರೀವ್ಸ್ ರನ್‌ವೇಗೆ ಬೆಂಬಲ ಅಂತ ಘೋಷಿಸಿದ್ರು, ಆರ್ಥಿಕತೆ ಬೆಳೀಬೇಕು ಅನ್ನೋದು ಕಾರಣ. ಆದ್ರೆ ಎದುರಿನವರಿಗೆ ಆಟದ ನಿಯಮಾನೇ ಬದಲಾಗಿದೆ. 2023ರ ಪಬ್ಲಿಕ್ ಆರ್ಡರ್ ಕಾಯ್ದೆ ಪ್ರಕಾರ ಏರ್‌ಪೋರ್ಟ್ ಥರದ ಸೌಲಭ್ಯಕ್ಕೆ ಅಡ್ಡಿ ಮಾಡೋದೇ ಪ್ರತ್ಯೇಕ ಅಪರಾಧ, ಜೈಲೂ ಆಗ್ಬಹುದು. 2024ರಲ್ಲಿ ಹೀಥ್ರೂ ಸೇರಿ ಹಲವು ಏರ್‌ಪೋರ್ಟ್‌ಗಳು ಹೆಸರೇ ಗೊತ್ತಿಲ್ಲದ ಪ್ರತಿಭಟನಾಕಾರರ ಮೇಲೂ ಮುಂಚಿತವಾಗೇ ತಡೆಯಾಜ್ಞೆ ತಂದಿಟ್ಕೊಂಡಿವೆ. 2007ರಲ್ಲಿ ಕೋರ್ಟ್ ಪೂರ್ತಿ ಕೊಡೋಕೆ ಹಿಂಜರಿದಿದ್ದು ಈಗ ಸಲೀಸಾಗಿ ಸಿಗ್ತಿದೆ. ಸಿಪ್ಸನ್‌ನಲ್ಲಿ ಹಲವು ಮನೆಗಳನ್ನ ಏರ್‌ಪೋರ್ಟ್ ಕಂಪನಿ ಮೊದಲ ಸುತ್ತಿನಲ್ಲೇ ಕೊಂಡು ಬಾಡಿಗೆಗೆ ಕೊಟ್ಟಿತ್ತು. ಹಾಗಾಗಿ ಈ ಸಲ ಹುಡುಗ್ರ ಜೊತೆ ನಿಲ್ಲೋಕೆ ಹಳ್ಳಿಯಲ್ಲಿ ಹಳಬರು ಎಷ್ಟು ಜನ ಉಳಿದಿದಾರೆ ಅನ್ನೋದೇ ನನ್ನ ಅನುಮಾನ.