ಮಾಲ್ಡನ್ ಹೆಂಗಸರು ಹಡಗು ಹತ್ತಿದ್ದು ಯಾಕೆ?

ಮಾಲ್ಡನ್ ಇಂಗ್ಲೆಂಡಿನ ಎಸೆಕ್ಸ್‌ನಲ್ಲಿರುವ ಸಣ್ಣ ಬಂದರು. 1629ರ ಮಾರ್ಚ್‌ನಲ್ಲಿ ನೂರಕ್ಕೂ ಹೆಚ್ಚು ಹೆಂಗಸರು, ಮಕ್ಕಳು ಸೇರಿ ಅಲ್ಲಿ ಫ್ಲೆಮಿಶ್ (ಇಂದಿನ ಬೆಲ್ಜಿಯಂ ಕಡೆಯ) ಹಡಗೊಂದನ್ನು ಹತ್ತಿದರು. ರೈ ಧಾನ್ಯವನ್ನು ತಮ್ಮ ಟೋಪಿಗೆ, ಮಡಿಲಿಗೆ ತುಂಬುವಂತೆ ನಾವಿಕರನ್ನು ಗದರಿಸಿದರು. ಬಟ್ಟೆ ವ್ಯಾಪಾರ ಬಿದ್ದುಹೋಗಿತ್ತು, ನೇಕಾರರಿಗೆ ಕೆಲಸ ಇರಲಿಲ್ಲ. ಅಂಥ ಹೊತ್ತಲ್ಲಿ ಊರ ಕಾಳು ಹೊರದೇಶಕ್ಕೆ ಹೊರಟಿತ್ತು. ಯಾಕೆ ಹೀಗೆ ಮಾಡಿದೆ ಅಂತ ಕೇಳಿದಾಗ ಒಬ್ಬಳು ಕೊಟ್ಟ ಕಾರಣ ಎರಡೇ: ನಾಡಿನ ಕೂಗು, ತನ್ನ ಬಡತನ.

ಇದನ್ನು ಸುಮ್ನೆ ಲೂಟಿ ಅನ್ನೋಕಾಗಲ್ಲ. ಬರ ಬಂದಾಗ ಏನು ಮಾಡಬೇಕು ಅಂತ ಸರ್ಕಾರವೇ 1587ರಲ್ಲಿ 'ಬುಕ್ ಆಫ್ ಆರ್ಡರ್ಸ್' ಹೊರಡಿಸಿತ್ತು. ಕಣಜಗಳಲ್ಲಿ ಎಷ್ಟಿದೆ ನೋಡಿ, ಕಾಳನ್ನು ಸಂತೆಗೆ ತರಿಸಿ, ಬಡವರಿಗೆ ಮೊದಲು ಸಿಗಲಿ ಅಂತ ಸ್ಥಳೀಯ ನ್ಯಾಯಾಧಿಕಾರಿಗಳಾದ ಜಸ್ಟೀಸ್‌ಗಳಿಗೆ ಅದರಲ್ಲಿ ಆದೇಶವಿತ್ತು. ಅದನ್ನು ಜಾರಿ ಮಾಡಿ ಅಂತಲೇ ಜನ ಬೀದಿಗೆ ಬರುತ್ತಿದ್ದರು.

1607ರಲ್ಲಿ ಇಂಗ್ಲೆಂಡಿನ ನಡುಭಾಗದಲ್ಲಿ ಆದ ಮಿಡ್‌ಲ್ಯಾಂಡ್ಸ್ ದಂಗೆಯಲ್ಲೂ ಅದೇ ಧಾಟಿ. ಊರವರ ಹೊಲ, ಗೋಮಾಳಗಳಿಗೆ ಜಮೀನುದಾರರು ಹಾಕಿದ್ದ ಬೇಲಿ ಕಿತ್ತ ಜಾನ್ ರೆನಾಲ್ಡ್ಸ್, ತನಗೆ ರಾಜನ ಅಪ್ಪಣೆ ಇದೆ ಅಂದಿದ್ದ. ತನ್ನ ಚೀಲದಲ್ಲಿ ಎಲ್ಲರನ್ನೂ ಕಾಪಾಡುವ ವಸ್ತು ಇದೆ ಅಂತಲೂ ಹೇಳಿಕೊಂಡಿದ್ದ. ಸೆರೆಸಿಕ್ಕ ಮೇಲೆ ಬಿಚ್ಚಿ ನೋಡಿದರೆ ಒಂದು ತುಂಡು ಚೀಸ್!

ಆಗ ಪೊಲೀಸ್ ಪಡೆ ಇರಲಿಲ್ಲ, ಕಾಯಂ ಸೈನ್ಯವೂ ಇರಲಿಲ್ಲ. ಕಾನ್‌ಸ್ಟೇಬಲ್ ಅಂದರೆ ಸಂಬಳವಿಲ್ಲದ ಪಕ್ಕದ ಮನೆಯವನು. ಅವಧಿ ಮುಗಿದ ಮೇಲೂ ಅದೇ ಬೀದಿಯಲ್ಲಿ ಬಾಳಬೇಕಲ್ವಾ? ಹಾಗಾಗಿ ಸಣ್ಣಪುಟ್ಟ ತಪ್ಪಿಗೆ ಕಣ್ಣು ಮುಚ್ಚುತ್ತಿದ್ದ. ಜ್ಯೂರಿಯವರೂ ಕದ್ದ ಮಾಲಿನ ಬೆಲೆಯನ್ನು ಬೇಕಂತಲೇ ಕಡಿಮೆ ಹೇಳಿ, ಕಳ್ಳನ ಕುತ್ತಿಗೆ ಉಳಿಸುವುದಿತ್ತು. ಗಲಭೆ ಮಾಡಿದರೆ ಹೆಂಗಸರಿಗೆ ಕಾನೂನು ತಗಲುವುದಿಲ್ಲ ಅನ್ನೋ ನಂಬಿಕೆಯೂ ಜನರಲ್ಲಿತ್ತು. ಕೋರ್ಟು ಅದನ್ನು ಒಪ್ಪಿರಲಿಲ್ಲ.

ಮಾಲ್ಡನ್‌ನ ಮುಂದಾಳು ಆನ್ ಕಾರ್ಟರ್, ಕಟುಕನೊಬ್ಬನ ಹೆಂಡತಿ. ಅಧಿಕಾರಿಗಳ ಮುಂದೆ ತಲೆ ತಗ್ಗಿಸುವವಳಲ್ಲ. ಚರ್ಚಿಗೆ ಯಾಕೆ ಬರಲಿಲ್ಲ ಅಂತ ಊರ ಆಡಳಿತಾಧಿಕಾರಿ ಬೇಲಿಫ್ ಹಿಂದೊಮ್ಮೆ ಕೇಳಿದಾಗ, ನನ್ನ ಕೆಲಸ ಮಾಡೋಕೆ ಯಾರನ್ನಾದರೂ ಕಳಿಸಿ, ಬರ್ತೀನಿ ಅಂದಿದ್ದಳು. ಮಾರ್ಚ್‌ನ ಗಲಾಟೆಯನ್ನು ಊರ ಹಿರಿಯರು ಹೆಚ್ಚು ಎಳೆಯಲಿಲ್ಲ. ಮೇ ತಿಂಗಳಲ್ಲಿ ಮಾತ್ರ ಆಕೆ ನೇಕಾರರ ಊರುಗಳಿಗೆ ಹೋಗಿ ಜನ ಸೇರಿಸಿದಳು. ಓದು ಬರಹ ಬಾರದ ಆಕೆ ಬೇರೆಯವರಿಂದ ಪತ್ರ ಬರೆಸಿ, ತನ್ನನ್ನು 'ಕ್ಯಾಪ್ಟನ್' ಅಂತ ಕರೆದುಕೊಂಡಳು. ಈ ಸಲ ಇನ್ನೂರಕ್ಕೂ ಹೆಚ್ಚು ಜನ ನುಗ್ಗಿ ಧಾನ್ಯ ಹೊತ್ತೊಯ್ದರು.

ಸರ್ಕಾರ ಬೆದರಿದ್ದು ಇದಕ್ಕೇ ಅಂತ ನನಗನಿಸುತ್ತದೆ. ಹಸಿದವರು ಬೇಡಿದರೆ ಸಹಿಸಬಹುದು, ಸಂಘಟಿತರಾದರೆ ಸಹಿಸಲಾಗದು. ತಿಂಗಳು ಮುಗಿಯುವ ಮೊದಲೇ ವಿಚಾರಣೆ ನಡೆದು ಆಕೆಯನ್ನು ಗಲ್ಲಿಗೇರಿಸಿದರು.

ಮರುವರ್ಷ ಬೆಳೆ ಮತ್ತೆ ಕೈಕೊಟ್ಟಿತು. ಸರ್ಕಾರ 'ಬುಕ್ ಆಫ್ ಆರ್ಡರ್ಸ್' ಅನ್ನು ಮತ್ತೆ ಹೊರತಂದಿತು. ಬಡವರಿಗೆ ಕಾಳು ಕೊಡಿಸುವ ಕೆಲಸ ಪುನಃ ಅದೇ ಜಸ್ಟೀಸ್‌ಗಳ ತಲೆಗೆ ಬಿತ್ತು.