ಪದ ಪರಿಚಯ: ಸ್ಥಳೀಯ ಸಂಸ್ಥೆಯ ‘ಅನುಷ್ಠಾನ ಸಾಮರ್ಥ್ಯ’

‘ಅನುಷ್ಠಾನ’ ಎಂಬ ಪದ ಮಠ, ಮನೆಗಳಲ್ಲಿ ನಿತ್ಯ ತಪ್ಪದೆ ನಡೆಯುವ ಜಪ, ಪೂಜೆಯ ನಿಯಮವನ್ನು ಸೂಚಿಸುತ್ತದೆ. ಸರ್ಕಾರಿ ಕಡತದಲ್ಲಿ ಅದೇ ಪದಕ್ಕೆ ಯೋಜನೆಯೊಂದನ್ನು ಕಾರ್ಯರೂಪಕ್ಕೆ ತರುವುದು ಎಂದರ್ಥ. ಸ್ಥಳೀಯ ಸಂಸ್ಥೆಯ ಅನುಷ್ಠಾನ ಸಾಮರ್ಥ್ಯ ಎಂದಾಗ ಈ ಎರಡೂ ಅರ್ಥಗಳು ಬೇಕಾಗುತ್ತವೆ. ರಸ್ತೆ, ಸೇತುವೆ, ಬಸ್ ನಿಲ್ದಾಣದಂತಹ ಕಾಮಗಾರಿಗೆ ಹಣ ಹೊಂದಿಸಿ, ಜಾಗ ಬಿಡಿಸಿಕೊಂಡು, ಅಂದಾಜು ಪಟ್ಟಿ ತಯಾರಿಸಿ, ಟೆಂಡರ್ ಕರೆದು, ಗುತ್ತಿಗೆದಾರರಿಂದ ಸರಿಯಾಗಿ ಕೆಲಸ ಮಾಡಿಸಿ, ಮುಗಿದ ಮೇಲೆ ಅದನ್ನು ಹತ್ತಾರು ಮಳೆಗಾಲ ಕಾಪಾಡಿಕೊಂಡು ಹೋಗುವ ಶಕ್ತಿ ಒಂದು ಪಂಚಾಯಿತಿಗೋ ಮಹಾನಗರ ಪಾಲಿಕೆಗೋ ಎಷ್ಟಿದೆ ಎಂಬುದೇ ಈ ಪದದ ತಾತ್ಪರ್ಯ.

ಇದನ್ನು ಅಧಿಕಾರದೊಂದಿಗೆ ಬೆರೆಸಬಾರದು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು ಎರಡು ಪಟ್ಟಿಗಳನ್ನು ಕೊಟ್ಟವು. ಪಂಚಾಯಿತಿಗಳಿಗಾಗಿ 29 ವಿಷಯಗಳಿರುವ 11ನೇ ಅನುಸೂಚಿಯಲ್ಲಿ ರಸ್ತೆ, ಮೋರಿ, ಸೇತುವೆ, ದೋಣಿ ಕಡವು, ಜಲಮಾರ್ಗಗಳಿವೆ; ನಗರಗಳಿಗಾಗಿ 18 ವಿಷಯಗಳಿರುವ 12ನೇ ಅನುಸೂಚಿಯಲ್ಲಿ ರಸ್ತೆ ಮತ್ತು ಸೇತುವೆಗಳಿವೆ. ಇವನ್ನು ಎಷ್ಟರ ಮಟ್ಟಿಗೆ ವಹಿಸಿಕೊಡಬೇಕೆಂಬುದು ರಾಜ್ಯದ ತೀರ್ಮಾನ. ವಿಷಯ ಕೈಗೆ ಬಂದ ಮಾತ್ರಕ್ಕೆ ಅದನ್ನು ನಡೆಸುವ ಬಲ ಬರುವುದಿಲ್ಲ.

ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನಲ್ಲಿ ಇದು ಕಣ್ಣಿಗೆ ಕಾಣುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ತುಮರಿ, ಸಿಗಂದೂರು ಕಡೆಯ ಜನ ದಶಕಗಳ ಕಾಲ ಹಿನ್ನೀರು ದಾಟಲು ಲಾಂಚ್ ನಂಬಿಕೊಂಡೇ ಬದುಕಿದರು. ಅನುಸೂಚಿಯಲ್ಲಿ ಕಡವು, ಸೇತುವೆ ಎರಡೂ ಪಂಚಾಯಿತಿಯ ಹೆಸರಿನಲ್ಲಿದ್ದರೂ ಲಾಂಚ್ ಓಡಿಸಿದ್ದು ರಾಜ್ಯದ ಒಳನಾಡು ಜಲಸಾರಿಗೆ ಇಲಾಖೆ. ಅಂಬಾರಗೋಡ್ಲು–ಕಳಸವಳ್ಳಿ ನಡುವೆ 2025ರ ಜುಲೈನಲ್ಲಿ ಉದ್ಘಾಟನೆಯಾದ ಸೇತುವೆ ರಾಷ್ಟ್ರೀಯ ಹೆದ್ದಾರಿಯ ಲೆಕ್ಕದಲ್ಲಿ, ಕೇಂದ್ರದ ಹಣದಿಂದ ಬಂದದ್ದು. ಸುಮಾರು 470 ಕೋಟಿ ರೂಪಾಯಿ ವೆಚ್ಚವನ್ನು ಸುಮಾರು 2.44 ಕಿ.ಮೀ. ಉದ್ದಕ್ಕೆ ಹಂಚಿದರೆ ಒಂದೊಂದು ಮೀಟರಿಗೆ 19 ಲಕ್ಷದಷ್ಟಾಗುತ್ತದೆ. ಇಂಥ ಹೊರೆಯನ್ನು ಗ್ರಾಮ ಪಂಚಾಯಿತಿ ಹೊರಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ, ನಿರೀಕ್ಷಿಸಲೂಬಾರದು.

ಆದರೆ ಸಣ್ಣ ಹೊರೆಗೂ ಹಣ ಏಕೆ ಸಾಲುವುದಿಲ್ಲ ಎಂಬುದು ಗಂಭೀರವಾಗಿ ಕೇಳಬೇಕಾದ ಪ್ರಶ್ನೆ. ಗ್ರಾಮ ಪಂಚಾಯಿತಿ ಮುಖ್ಯವಾಗಿ ತೆರಿಗೆ ಹಾಕುವುದು ಕಟ್ಟಡಗಳಿಗೆ ಮತ್ತು ಕೃಷಿ ಕಂದಾಯಕ್ಕೆ ಒಳಪಡದ ಜಮೀನಿಗೆ. ಮಲೆನಾಡಿನ ಸಂಪತ್ತು ಇರುವುದು ಅಡಿಕೆ ತೋಟದಲ್ಲಿ. ಪಂಚಾಯಿತಿಯ ಬೊಕ್ಕಸ ನಿಂತಿರುವುದು ಗುಡ್ಡಕ್ಕೊಂದರಂತೆ ಚದುರಿದ ಮನೆಗಳ ಕಂದಾಯದ ಮೇಲೆ. ಮನೆಗಳು ಚದುರಿದಷ್ಟೂ ರಸ್ತೆ ಉದ್ದವಾಗುತ್ತದೆ, ವಸೂಲಿ ಕಡಿಮೆಯಾಗುತ್ತದೆ. ಮೇಲಿನಿಂದ ಬರುವ ಅನುದಾನಕ್ಕೂ ಕಟ್ಟುಪಾಡಿದೆ: 15ನೇ ಹಣಕಾಸು ಆಯೋಗವು 2021ರಿಂದ 2026ರ ಅವಧಿಗೆ ಪಂಚಾಯಿತಿಗಳಿಗೆ ಕೊಟ್ಟ ಹಣದಲ್ಲಿ ಶೇ. 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಬಳಸಬೇಕಿತ್ತು. ಸಾಲ ಎತ್ತುವ ದಾರಿ ಪಾಲಿಕೆಗಳಿಗಿದೆ, ಸರ್ಕಾರದ ಒಪ್ಪಿಗೆ ಬೇಕು. ಬೆಂಗಳೂರು ಮಹಾನಗರ ಪಾಲಿಕೆ 1997ರಲ್ಲಿ 125 ಕೋಟಿ ರೂಪಾಯಿಯ ಬಾಂಡ್ ಹೊರಡಿಸಿದಾಗ ಅದರ ಬೆನ್ನಿಗೆ ರಾಜ್ಯದ ಖಾತರಿಯಿತ್ತು.

ಹಣ ಸಿಕ್ಕರೂ ಕೆಲಸ ಮಾಡಿಸುವ ಕೈಗಳು ಬೇಕು. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಶಿವಮೊಗ್ಗದಲ್ಲಿ ರಸ್ತೆ, ಪಾದಚಾರಿ ಮಾರ್ಗಗಳ ಕೆಲಸ ನಡೆದದ್ದು ರಾಜ್ಯ ಮತ್ತು ಪಾಲಿಕೆಯ ಪಾಲುಗಾರಿಕೆಯ ಪ್ರತ್ಯೇಕ ಕಂಪನಿಯ ಮೂಲಕ. ಸೋಗಾನೆಯ ವಿಮಾನ ನಿಲ್ದಾಣವನ್ನಂತೂ ರಾಜ್ಯವೇ ಕಟ್ಟಿತು. ಪ್ರತ್ಯೇಕ ಕಂಪನಿಯಿಂದ ಕೆಲಸ ಬೇಗ ಸಾಗಬಹುದು. ಆದರೆ ವಿನ್ಯಾಸ, ಟೆಂಡರ್, ಉಸ್ತುವಾರಿಯ ಅನುಭವ ಪಾಲಿಕೆಯ ಎಂಜಿನಿಯರುಗಳಲ್ಲಿ ಬೇರೂರುವುದಿಲ್ಲ ಎಂಬುದು ನನ್ನ ಆತಂಕ. ಸ್ಮಾರ್ಟ್ ಸಿಟಿ ಮಿಷನ್ 2025ರ ಮಾರ್ಚ್‌ಗೆ ಮುಗಿಯಿತು, ರಸ್ತೆ ಮತ್ತು ಚರಂಡಿಗಳು ಊರಿನಲ್ಲೇ ಉಳಿದವು. ಅವುಗಳ ಮುಂದಿನ ಪಾಲನೆಗೆ ಹೊರಗಿನ ಕಂಪನಿ ಬರುವುದಿಲ್ಲ. ಮೇಯರ್ ಅವಧಿ ಒಂದೇ ವರ್ಷವಾಗಿರುವಾಗ, ನಾಲ್ಕೈದು ವರ್ಷ ಹಿಡಿಯುವ ಯೋಜನೆಯ ಜವಾಬ್ದಾರಿಯನ್ನು ಆದಿಯಿಂದ ಅಂತ್ಯದವರೆಗೆ ಹೊರುವ ಚುನಾಯಿತ ಪ್ರತಿನಿಧಿಯೂ ಇರುವುದಿಲ್ಲ.

ಪದದ ನಿಜವಾದ ತೂಕ ತಿಳಿಯಬೇಕಾದರೆ ಕಾಲುಸಂಕದ ಬಳಿಗೆ ಹೋಗಬೇಕು. ತೀರ್ಥಹಳ್ಳಿ, ಹೊಸನಗರದ ಕಡೆ ಹಳ್ಳದ ಎರಡು ದಡಗಳಿಗೆ ಮೂರ್ನಾಲ್ಕು ಅಡಿಕೆ ಮರದ ದಬ್ಬೆಗಳನ್ನು ಜೋಡಿಸಿ, ಬಳ್ಳಿಯಿಂದಲೋ ತಂತಿಯಿಂದಲೋ ಬಿಗಿದು, ಹಿಡಿದುಕೊಳ್ಳಲು ಪಕ್ಕಕ್ಕೊಂದು ಬಿದಿರಿನ ಗಳ ಕಟ್ಟಿರುತ್ತಾರೆ. ಆಷಾಢದ ಹೊತ್ತಿಗೆ ದಬ್ಬೆ ಪಾಚಿಗಟ್ಟಿ ಜಾರುತ್ತದೆ, ಕೆಳಗೆ ಕೆಂಪು ನೀರು ಭೋರ್ಗರೆಯುತ್ತದೆ, ಬೆನ್ನಿಗೆ ಚೀಲ ಹೊತ್ತ ಮಗು ಅದರ ಮೇಲೆಯೇ ಶಾಲೆಗೆ ಹೋಗಬೇಕು. ಅಲ್ಲಿ ಕಬ್ಬಿಣ, ಕಾಂಕ್ರೀಟಿನ ಸಂಕ ಕಟ್ಟುವುದು ದೊಡ್ಡ ಯೋಜನೆಯೇನಲ್ಲ. ಆದರೂ ಉದ್ಯೋಗ ಖಾತರಿಯಲ್ಲಿ ಕೂಲಿಗೆ 60, ಸಾಮಗ್ರಿಗೆ 40 ಎಂಬ ಅನುಪಾತವಿದ್ದುದರಿಂದ ಸಾಮಗ್ರಿಯೇ ಹೆಚ್ಚು ಬೇಡುವ ಸಂಕ ಅದರೊಳಗೆ ಕೂರುವುದು ಕಷ್ಟವಾಗುತ್ತಿತ್ತು. ಹಾಗಾಗಿ ಲೋಕೋಪಯೋಗಿ ಇಲಾಖೆಯ ‘ಶಾಲಾ ಸಂಪರ್ಕ ಸೇತು’, ಶಿವಮೊಗ್ಗದಲ್ಲಿ ಕಚೇರಿ ಇರುವ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ ಇವುಗಳಿಗೆ ಕಾಯಬೇಕಾಯಿತು.

ಕಾಯುವ ಪಂಚಾಯಿತಿಯಲ್ಲೂ ಸಾಮರ್ಥ್ಯದ ಹೆಚ್ಚು ಕಡಿಮೆ ಇರುತ್ತದೆ. ತನ್ನ ವ್ಯಾಪ್ತಿಯ ಪ್ರತಿ ಹಳ್ಳದ ಅಗಲ, ಅದನ್ನು ದಾಟುವ ಮಕ್ಕಳ ಸಂಖ್ಯೆ, ಜಾಗ ಅರಣ್ಯದ್ದೋ ಕಂದಾಯದ್ದೋ ಎಂಬ ವಿವರವನ್ನು ಬೇಸಿಗೆಯಲ್ಲೇ ಬರೆದಿಟ್ಟು, ಗ್ರಾಮಸಭೆಯಲ್ಲಿ ಆದ್ಯತೆಯ ಕ್ರಮ ಗೊತ್ತುಮಾಡಿ, ಕಿರಿಯ ಎಂಜಿನಿಯರರಿಂದ ಅಂದಾಜು ಪಟ್ಟಿ ಮಾಡಿಸಿಕೊಂಡ ಪಂಚಾಯಿತಿ, ಅನುದಾನ ಬಂದ ದಿನವೇ ಕಡತವನ್ನು ಮುಂದಿಡಬಲ್ಲದು.